ಸವಿಯೂ ಸೌಹೃದವೂ

ಕಳೆದ ಶ್ರಾವಣದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು, ಪರದೇಶದಲ್ಲಿ ಉದ್ಯೋಗದಲ್ಲಿರುವವನು, ಊರಿಗೆ ಬಂದಾಗ ಮಟ್ಟುವಿನ ನಮ್ಮ ಮನೆಗೂ ಬಂದಿದ್ದನು. ಹೊರಗೆ ಮಳೆ ಬಿಡದೆ ಹೊಯ್ಯುತ್ತಿದ್ದಿತು. ಜಗಲಿಯಲ್ಲಿ ಕುಳಿತು ಅದು ಇದು ಮಾತಾಡುತ್ತಿರಲು, ತಾನಿರುವ ಪಟ್ಟಣದಲ್ಲಿ ಒಂದು ಸಂಜೆ ದ್ರಾಕ್ಷಿಯ ಮದ್ಯವನ್ನು (ಅವನು ಸಂಕೋಚದಿಂದ ತಗ್ಗಿದ ದನಿಯಲ್ಲಿ ‘ವೈನ್’ ಎಂದನು) ಒಂದು ಗುಟುಕು ಸವಿದಾಗ, ಹತ್ತು ವರ್ಷಗಳ ಹಿಂದೆ ಅದೇ ಬಗೆಯದನ್ನು ತನ್ನೊಡನೆ ಹಂಚಿಕೊಂಡಿದ್ದ ಗೆಳೆಯನೊಬ್ಬನು ಮುಖ, ಧ್ವನಿ, ನಗೆಗಳ ಸಹಿತವಾಗಿ ಎದುರಿಗೆ ಬಂದು ಕುಳಿತಂತಾಯಿತೆಂದು ಹೇಳಿದನು. ಬಳಿಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ಫ್ರೆಂಚರಲ್ಲಿ ಪ್ರೂಸ್ತ್ ಎಂಬವರು ಇಂಥದೊಂದು ಗುಟುಕಿನಿಂದಲೇ ಮಹಾಗ್ರಂಥವನ್ನು ಎಬ್ಬಿಸಿದ್ದಾರೆ. ನಮ್ಮವರಲ್ಲಿ ಇಂಥದು ಇಲ್ಲವಲ್ಲ? ರಸ, ರಸವೆಂದು ಅಷ್ಟು ಕಾಲದಿಂದ ಹೇಳುತ್ತ ಬಂದವರು ನಾಲಗೆಯ ನೆನಪನ್ನೇ ಏಕೆ ಮರೆತರು?” ಎಂದು ಕೇಳಿದನು.

ಆಗ ನನಗೆ ಉತ್ತರ ತೋಚಲಿಲ್ಲ. ಮಳೆ ಸ್ವಲ್ಪ ಬಿಟ್ಟಿತು, ಅವನು ಹೊರಟುಹೋದನು. ನಾಲ್ಕು ತಿಂಗಳು ಆ ಪ್ರಶ್ನೆ ನನ್ನೊಡನೆ ಮನೆಯಲ್ಲಿಯೇ ವಾಸವಾಗಿದ್ದಿತು. ಮದ್ಯವನ್ನು ಕುರಿತು ನನ್ನಂಥ ಪಾಠಶಾಲೆಯ ಮನುಷ್ಯನು ಬರೆಯುವುದು ಕೆಲವು ವಾಚಕರಿಗೆ ವಿಪರೀತವಾಗಿ ಕಂಡೀತು. ಆದರೆ ಚರ್ಚೆಯು ಪಾನವನ್ನು ಕುರಿತುದಲ್ಲ, ಸಾಹಿತ್ಯವನ್ನು ಕುರಿತುದು. ಅಲ್ಲದೆ ವೈದ್ಯರ ಚೀಟಿಯೊಡನೆ ಬಂದ ದ್ರಾಕ್ಷಾಸವವು ಎಂಥ ಮಡಿಯವರ ಕಪಾಟಿನಲ್ಲಿಯೂ ನಿರ್ಭಯವಾಗಿ ನಿಂತಿರುವುದನ್ನು ನಾವೆಲ್ಲರೂ ಬಲ್ಲೆವು.

ಶಿಷ್ಯನ ಪ್ರಶ್ನೆಯಲ್ಲಿ ಎರಡು ಆಕ್ಷೇಪಗಳು ಸೇರಿಕೊಂಡಿವೆ. ನಮ್ಮ ಶಾಸ್ತ್ರಕಾರರಿಗೆ ಈ ಅನುಭವದ ಪರಿವೆಯಿರಲಿಲ್ಲವೆಂಬುದು ಒಂದು. ನಮ್ಮ ಕಾವ್ಯಗಳಲ್ಲಿ ಅಂಥ ಸಂದರ್ಭವೇ ಇಲ್ಲವೆಂಬುದು ಇನ್ನೊಂದು. ಮೊದಲನೆಯದನ್ನು ಬೇಗನೆ ಮುಗಿಸಬಹುದು. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತಮುನಿಯು ರಸಶಬ್ದವನ್ನು ವಿವರಿಸಲು ಹೊರಟು ನೇರವಾಗಿ ಅಡಿಗೆಮನೆಗೇ ನಡೆದಿರುವನು. ಹಲವು ವ್ಯಂಜನಗಳು ಕೂಡಿದ ಅನ್ನವನ್ನು ಉಣ್ಣುವವರು ಅದರ ರಸವನ್ನು ಆಸ್ವಾದಿಸಿ ಹರ್ಷಗೊಳ್ಳುವಂತೆ ಪ್ರೇಕ್ಷಕರು ಸ್ಥಾಯಿಭಾವವನ್ನು ಆಸ್ವಾದಿಸುವರೆಂಬುದು ಅಲ್ಲಿಯ ತಾತ್ಪರ್ಯ. ಅನಂತರದ ಆಲಂಕಾರಿಕರು ಪಾನಕವನ್ನು ದೃಷ್ಟಾಂತವಾಗಿ ತಂದರು. ಬೆಲ್ಲ, ಏಲಕ್ಕಿ, ಮೆಣಸುಗಳು ಕೂಡಿದಲ್ಲಿ ಅವುಗಳಲ್ಲಿ ಯಾವ ಒಂದರಲ್ಲಿಯೂ ಇಲ್ಲದ ರುಚಿಯೊಂದು ಹುಟ್ಟುವುದನ್ನು ರಾಮನವಮಿಯ ದಿನ ಲೋಟವೆತ್ತಿದವರಿಗೆ ಬೇರೆ ಹೇಳಬೇಕಾಗಿಲ್ಲ. ಹೀಗೆ ನಮ್ಮ ಕಾವ್ಯಮೀಮಾಂಸೆಯ ಮೂಲಶಬ್ದವೇ ನಾಲಗೆಯಿಂದ ಸಾಲವಾಗಿ ಬಂದುದು. ಆದರೆ ಭರತನ ವಾಕ್ಯದಲ್ಲಿ ಪಾಠಮಾಡುವವರು ಸಾಮಾನ್ಯವಾಗಿ ಓಡಿಸಿಬಿಡುವ ಒಂದು ವಿಶೇಷಣವುಂಟು. ಉಣ್ಣುವವನು ‘ಸುಮನಸ್ಸು’ಳ್ಳವನಾಗಿರಬೇಕೆಂದು ಅವನು ಹೇಳುವನು. ಒಳ್ಳೆಯ ಅಡಿಗೆ, ಹಸಿದ ಹೊಟ್ಟೆ, ಇವೆರಡೇ ಸಾಲವು. ನಾಲಗೆಗೆ ಮೊದಲು ಮನಸ್ಸು ಸಿದ್ಧವಾಗಿರಬೇಕು. ಈ ವಿಶೇಷಣವನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಪ್ರಾರ್ಥನೆ.

ನೆನಪಿನ ವಿಚಾರವನ್ನು ಬಲ್ಲವರು ನೈಯಾಯಿಕರು. ಹಿಂದಣ ಅನುಭವವು ಬಿಟ್ಟುಹೋದ ಸಂಸ್ಕಾರವು ಒಳಗೆ ಮಲಗಿದ್ದು, ಎಬ್ಬಿಸುವುದೊಂದು ಬಂದಾಗ ಸ್ಮೃತಿಯಾಗಿ ಏಳುವುದೆಂಬುದು ಅವರ ಮತ. ಈ ಎಬ್ಬಿಸುವವುಗಳ ಪಟ್ಟಿಯನ್ನು ಗೌತಮನು ನ್ಯಾಯಸೂತ್ರದ ಮೂರನೆಯ ಅಧ್ಯಾಯದಲ್ಲಿ ಕೊಟ್ಟಿರುವನು. ಸಾದೃಶ್ಯ, ಸಂಬಂಧ, ಅಭ್ಯಾಸ, ಸುಖದುಃಖ, ಭಯ, ರಾಗ ಎಂದು ಮುಂತಾಗಿ ಇಪ್ಪತ್ತಕ್ಕೂ ಮಿಕ್ಕ ಕಾರಣಗಳು ಅದರಲ್ಲಿವೆ. ರುಚಿಯನ್ನು ಅವನು ಬೇರೆಯಾಗಿ ಎಣಿಸಲಿಲ್ಲ. ಆದರೆ ‘ವಿಯೋಗ’ವನ್ನು ಎಣಿಸಿದನು. ಪಾಠಶಾಲೆಯಲ್ಲಿ ಈ ಸೂತ್ರವನ್ನು ಉರುಹಚ್ಚುವಾಗ ನಾವು ಹುಡುಗರು ಅದನ್ನು ಒಂದೇ ಉಸಿರಿನಲ್ಲಿ ಮುಗಿಸುವ ಪಂದ್ಯವಾಡುತ್ತಿದ್ದೆವು. ಅಗಲಿಕೆಯು ನೆನಪಿಗೆ ಕಾರಣವೆಂಬ ಮಾತಿನ ಭಾರವು ಆ ವಯಸ್ಸಿಗೆ ತಿಳಿಯುವಂಥದಲ್ಲ.

ಇನ್ನು ಎರಡನೆಯ ಆಕ್ಷೇಪ. ಇದರಲ್ಲಿ ಸತ್ಯಾಂಶವುಂಟೆಂದು ಮೊದಲೇ ಒಪ್ಪಿಬಿಡುವುದು ಲೇಸು. ಮಹಾಕಾವ್ಯಕ್ಕೆ ಬೇಕಾದ ವರ್ಣನೆಗಳಲ್ಲಿ ದಂಡಿಯು ಮಧುಪಾನವನ್ನೂ ಸೇರಿಸಿದ ಕಾರಣ, ನಮ್ಮ ಚಂಪೂಕವಿಗಳು ಬೇಕಿದ್ದರೂ ಬೇಡದಿದ್ದರೂ ಒಂದು ಪಾನಗೋಷ್ಠಿಯನ್ನು ಕಟ್ಟಲೇಬೇಕಾಯಿತು. ಪಂಪನಂಥ ಪಂಪನೂ ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದಲ್ಲಿ, ದ್ವಾರಾವತಿಯ ರಾತ್ರಿಯ ವರ್ಣನೆಯಲ್ಲಿ, ಕುಡಿಯುವವರನ್ನು ತಂದು ಕೂರಿಸಿರುವನು. ಆ ವರ್ಣನೆಯು ಜೀವಂತವಾದುದೇ; ಅಮಲೇರಿದವರ ಮಾತಿನ ಲಯವನ್ನು ಹಿಡಿಯುವುದರಲ್ಲಿ ಅವನಿಗೆ ಸಮರಿಲ್ಲ. ಆದರೆ ಅಲ್ಲಿ ಯಾರೂ ಯಾರನ್ನೂ ನೆನೆಯುವುದಿಲ್ಲ. ಪಾತ್ರೆಗಳು ತುಂಬುತ್ತವೆ, ಬರಿದಾಗುತ್ತವೆ. ಅರ್ಜುನನು ನೋಡುತ್ತ ನಡೆದುಹೋಗುವನು. ಅದು ಬೀದಿಯ ನೋಟವೇ ಹೊರತು ಮನೆಯ ಮಾತಲ್ಲ.

ಆಶ್ಚರ್ಯವೇನೆಂದರೆ ಕನ್ನಡದಲ್ಲಿ ಸ್ಮೃತಿಯ ಪರಮೋತ್ಕೃಷ್ಟವಾದ ಪ್ರಸಂಗವು ಇದೇ ಆಶ್ವಾಸದಲ್ಲಿಯೇ ಇರುವುದು. ತೀರ್ಥಯಾತ್ರೆಗೆ ಹೊರಟ ಅರ್ಜುನನು ಬನವಾಸಿಗೆ ಬರುವನು. ಕವಿಯು ಕಥಾನಾಯಕನನ್ನು ಪಕ್ಕಕ್ಕೆ ಸರಿಸಿ ತಾನೇ ಮಾತಾಡತೊಡಗುವನು. ತೆಂಕಣ ಗಾಳಿಯ ಸೋಂಕು, ಒಳ್ಳೆಯ ಮಾತು, ಇಂಪಾದ ಹಾಡು, ಅರಳಿದ ಮಲ್ಲಿಗೆ, ಇವುಗಳಲ್ಲಿ ಯಾವುದು ಒದಗಿದರೂ ತನ್ನ ಮನಸ್ಸು ಬನವಾಸಿಯನ್ನು ನೆನೆಯುವುದೆಂದು ಅವನು ಹೇಳುವುದನ್ನು ನಮ್ಮ ಮಕ್ಕಳೂ ಬಲ್ಲರು. ಚರ್ಮ, ಕಿವಿ, ಕಣ್ಣುಗಳಿಗೆ ಅಲ್ಲಿ ಸ್ಥಾನವುಂಟು. ನಾಲಗೆಗೆ? ಉತ್ಸವವನ್ನು ಹೇಳುವ ಮಾತಿನಲ್ಲಿ ‘ಮಧು’ ಎಂಬ ಶಬ್ದವೇನೋ ಇದೆ; ಆದರೆ ಅದಕ್ಕೆ ವಸಂತವೆಂದೇ ಅರ್ಥಮಾಡುವುದು ಯುಕ್ತವಾದುದು. ಶಿಷ್ಯನ ವಾದಕ್ಕೆ ಇಷ್ಟರಮಟ್ಟಿಗೆ ಜಯವೆನ್ನಬೇಕು. ಆದರೆ ಇದಕ್ಕೆ ಹಿಂದಿನ ಪದ್ಯವನ್ನು ಅವನು ಓದಿದಂತಿಲ್ಲ. ಅಲ್ಲಿ ಪಂಪನು ಬನವಾಸಿಯಲ್ಲಿ ಮೊದಲು ಮೆಚ್ಚಿದುದು ಮನುಷ್ಯರನ್ನು. ತ್ಯಾಗ, ಭೋಗ, ವಿದ್ಯೆ, ಗಾನ, ಗೋಷ್ಠಿಗಳ ಸೊಗಸಿಗೆ ನೆಲೆಯಾದ ಮನುಷ್ಯರು ಅಲ್ಲಿದ್ದಾರೆಂದು ಹೇಳಿದ ಮೇಲೆಯೇ ಗಾಳಿಯೂ ಮಲ್ಲಿಗೆಯೂ ಬರುವುವು. ಮಲ್ಲಿಗೆ ಎಲ್ಲಿ ಅರಳದು? ಗೋಷ್ಠಿಯು ಮೊದಲು ಇದ್ದುದರಿಂದ ಆ ಮಲ್ಲಿಗೆಗೆ ನೆನಪಿಸುವ ಶಕ್ತಿ ಬಂದಿತೆಂದು ನಾನು ತಿಳಿಯುವೆನು.

ನಮ್ಮ ಹಳೆಯ ಸಾಹಿತ್ಯದಲ್ಲಿ ಉಣಿಸಿನ ನೆನಪು ಬೇರೊಂದು ದಾರಿಯನ್ನು ಹಿಡಿಯಿತೆಂಬುದನ್ನೂ ಹೇಳಬೇಕು. ಹಳಗನ್ನಡದಲ್ಲಿ ‘ಜೋಳವಾಳಿ’ ಎಂದೊಂದು ಮಾತುಂಟು. ಒಡೆಯನ ಜೋಳವನ್ನು ಉಂಡವನು ರಣರಂಗದಲ್ಲಿ ತೀರಿಸಬೇಕಾದ ಋಣವೆಂದರ್ಥ. ಹೀಗೆ ಅನ್ನದ ಸ್ಮರಣೆಯು ಸಾಲದ ಲೆಕ್ಕವಾಯಿತು, ಸಲುಗೆಯ ನೆನಪಾಗಲಿಲ್ಲ. ಪಾಕಶಾಸ್ತ್ರಗಳೋ, ರುಚಿಯ ಕೋಷ್ಟಕಗಳಾದುವು. ಮೂರನೆಯ ಮಂಗರಸನು ವಾರ್ಧಕ ಷಟ್ಪದಿಯಲ್ಲಿ ಸೂಪಶಾಸ್ತ್ರವನ್ನೇ ಬರೆದು ಬದನೆಯೊಂದರಿಂದ ಎಷ್ಟು ಬಗೆ ಮಾಡಬಹುದೆಂದು ವಿಸ್ತರಿಸಿರುವನು. ಬದನೆಯ ಊರಿನವನಾದ ನಾನು ಅದನ್ನು ಹೆಮ್ಮೆಯಿಂದ ಓದಿದೆನು. ಎಷ್ಟು ಓದಿದರೂ ಆ ಬದನೆಯನ್ನು ಯಾರು ಯಾರಿಗೆ ಬಡಿಸಿದರೆಂಬುದು ತಿಳಿಯಲಿಲ್ಲ. ನಮ್ಮ ಕಾರ್ಕಳ ಸೀಮೆಯ ನಂದಳಿಕೆಯ ಮುದ್ದಣನು (1870–1901) ಇವರೆಲ್ಲರಿಗಿಂತ ಜಾಣ. ರಾಮಾಶ್ವಮೇಧದ ಆರಂಭದಲ್ಲಿ ಮನೋರಮೆಯು ದಣಿದು ಬಂದ ಗಂಡನಿಗೆ ಉಪಚಾರಮಾಡಿ, ತಣಿಸಿ, ಆಮೇಲೆ ಕಥೆಯನ್ನು ಬೇಡುವಳು. ಅಷ್ಟು ದೊಡ್ಡ ರಾಮಕಥೆಯು ಇಬ್ಬರ ನಡುವಣ ಒಂದು ಉಪಚಾರದ ಮೇಲೆ ನಿಂತಿರುವುದು. ಕಥೆಯನ್ನು ಮರೆತವರೂ ಆ ಮಳೆಗಾಲದ ಸಂಜೆಯನ್ನು ಮರೆಯಲಿಲ್ಲ.

ಆದರೆ ಪ್ರಕೃತ ಪ್ರಶ್ನೆಗೆ ನನಗೆ ತೃಪ್ತಿಕರವಾಗಿ ಕಂಡ ಉತ್ತರವು ದೊರೆತುದು ಭಾಗವತದಲ್ಲಿ, ದಶಮಸ್ಕಂಧದ 80 ಮತ್ತು 81ನೆಯ ಅಧ್ಯಾಯಗಳಲ್ಲಿ. ಕುಚೇಲನ ಅವಲಕ್ಕಿಯ ಕಥೆಯನ್ನು ಉಡುಪಿಯ ನೆಲದಲ್ಲಿ ಕೇಳದವರಿಲ್ಲ. ಕೇಳಿ ಕೇಳಿ ಅದರ ಅನುಕ್ರಮವನ್ನು ನಾವು ಮರೆತಿದ್ದೇವೆ. ಹರಿಕಥೆಯಲ್ಲಿ ಸಾಮಾನ್ಯವಾಗಿ ಕೇಳಿಬರುವುದೇನೆಂದರೆ, ಕೃಷ್ಣನು ಅವಲಕ್ಕಿಯನ್ನು ಬಾಯಿಗೆ ಹಾಕಿದೊಡನೆ ಬಾಲ್ಯವೆಲ್ಲ ಉಕ್ಕಿಬಂದಿತೆಂದು. ಮೂಲದಲ್ಲಿ ಹಾಗಿಲ್ಲ. ಗೆಳೆಯನು ಬಂದೊಡನೆ ಕೃಷ್ಣನು ಎದ್ದು ಬಂದು ತಬ್ಬಿಕೊಳ್ಳುವನು, ಕಾಲು ತೊಳೆಯುವನು, ಮಂಚದ ಮೇಲೆ ಕೂರಿಸುವನು. ಬಳಿಕ ಇಬ್ಬರೂ ಕೈ ಹಿಡಿದುಕೊಂಡು ಸಾಂದೀಪನಿಯ ಗುರುಕುಲದ ದಿನಗಳನ್ನು ನೆನೆಯುವರು. ಗುರುಪತ್ನಿಯು ಸೌದೆಗೆ ಕಳುಹಿಸಿದುದು, ಕಾಡಿನಲ್ಲಿ ಅಕಾಲದ ಬಿರುಗಾಳಿ ಮಳೆ ಹೊಡೆದುದು, ಕತ್ತಲೆಯಲ್ಲಿ ತಗ್ಗು ದಿಣ್ಣೆ ತಿಳಿಯದೆ ಹುಡುಗರು ಒಬ್ಬರ ಕೈಯನ್ನೊಬ್ಬರು ಹಿಡಿದು ಅಲೆದುದು, ಬೆಳಗಾದ ಮೇಲೆ ಗುರುವು ಹುಡುಕುತ್ತ ಬಂದುದು, ಇವೆಲ್ಲವೂ 80ನೆಯ ಅಧ್ಯಾಯದಲ್ಲಿ ಮುಗಿಯುವುವು. ನೆನಪುಗಳೆಲ್ಲ ತೀರಿದ ಮೇಲೆ, ಮುಂದಣ ಅಧ್ಯಾಯದಲ್ಲಿ, ನನಗೇನು ತಂದೆಯೆಂದು ಕೃಷ್ಣನು ಕೇಳುವನು. ಆ ಬ್ರಾಹ್ಮಣನು ನಾಚಿ ತಲೆ ತಗ್ಗಿಸುವನು. ಅವನ ಹೆಂಡತಿ ನೆರೆಮನೆಗಳಲ್ಲಿ ಬೇಡಿ ತಂದ ನಾಲ್ಕು ಮುಷ್ಟಿ ಅವಲಕ್ಕಿಯು ಆಗ ಆ ಹರಕು ಬಟ್ಟೆಯ ಗಂಟಿನಿಂದ ಹೊರಗೆ ಬರುವುದು.

ಸ್ಮರಣೆ ಮೊದಲು, ಸವಿ ಅನಂತರ. ಭಾಗವತಕಾರನು ಈ ಕ್ರಮವನ್ನು ಬೇಕೆಂದೇ ಇಟ್ಟಿರುವನೆಂದು ನನ್ನ ಅಭಿಪ್ರಾಯ. ದ್ವಾರಕೆಯ ಅರಸನಿಗೆ ಬೇಡಿ ತಂದ ಅವಲಕ್ಕಿಯಲ್ಲಿ ಏನು ರುಚಿಯಿದ್ದೀತು? ಕಾಡಿನ ಆ ರಾತ್ರಿಯನ್ನು ಇಬ್ಬರೂ ಕೂಡಿ ಮತ್ತೊಮ್ಮೆ ನಡೆದುಬಂದಿದ್ದರಿಂದ ಆ ಅವಲಕ್ಕಿಗೆ ಸವಿ ಬಂದಿತು. ಭರತನು ಹೇಳಿದ ‘ಸುಮನಸ್ಸು’ ಸಿದ್ಧವಾದ ಬಳಿಕ ಅನ್ನವು ಎಲೆಗೆ ಬಿದ್ದಿತು. ಇನ್ನೊಂದು ಸೂಕ್ಷ್ಮವೂ ಉಂಟು. ಭಾಗವತವು ಈ ಬ್ರಾಹ್ಮಣನ ಹೆಸರನ್ನು ಎಲ್ಲಿಯೂ ಹೇಳುವುದಿಲ್ಲ. ಸುದಾಮನೆಂಬ ಹೆಸರು ಸಂಪ್ರದಾಯದಿಂದ ಬಂದುದು. ಕುಚೇಲನೆಂಬುದು ಅವನ ಕೆಟ್ಟ ಬಟ್ಟೆಗೆ ಕೊಟ್ಟ ವಿಶೇಷಣ.

ಈಗ ಪ್ರೂಸ್ತರ ಕಡೆಗೆ ನೋಡೋಣ. ಅವರ ಮಹಾಗ್ರಂಥದ ಮೊದಲನೆಯ ಸಂಪುಟವು 1913ರಲ್ಲಿ ಪ್ರಕಟವಾಯಿತು. ಫ್ರೆಂಚನ್ನು ಅರಿಯದ ನಾನು ಇಂಗ್ಲಿಷ್ ಭಾಷಾಂತರದಲ್ಲಿ ಆ ಭಾಗವನ್ನು ಓದಿದವನು. ಆದುದರಿಂದ ನನ್ನ ಮಾತಿಗೆ ಆ ಮಿತಿಯುಂಟು. ಚಳಿಗಾಲದ ಒಂದು ದಿನ ತಾಯಿ ಕೊಟ್ಟ ಚಹದಲ್ಲಿ ಒಂದು ಪುಟ್ಟ ತಿಂಡಿಯ ಚೂರು ನೆನೆದು ನಾಲಗೆಗೆ ತಗಲುವುದು. ಕಾರಣ ತಿಳಿಯದ ಒಂದು ಸುಖವು ಮೈಯಲ್ಲೆಲ್ಲ ಹರಿಯುವುದು. ಬಹಳ ಹೊತ್ತು ಒಳಗೆ ತಡಕಿದ ಮೇಲೆ, ಬಾಲ್ಯದಲ್ಲಿ ಭಾನುವಾರದ ಬೆಳಗ್ಗೆ ಅತ್ತೆಯೊಬ್ಬಳು ಅದೇ ತಿಂಡಿಯನ್ನು ಅದ್ದಿಕೊಡುತ್ತಿದ್ದುದು ಹೊಳೆದು, ಆ ಊರೇ ಬಟ್ಟಲಿನಿಂದ ಎದ್ದುಬರುವುದು. ಅದ್ಭುತವಾದ ಬರವಣಿಗೆ, ಸಂದೇಹವಿಲ್ಲ. ಸುಖವು ಮೊದಲು, ಅದರ ಕಾರಣದ ಅರಿವು ಆಮೇಲೆ ಎಂಬ ಅವರ ವಿಶ್ಲೇಷಣೆಯು ನಮ್ಮ ನೈಯಾಯಿಕರನ್ನೂ ಬೆರಗುಗೊಳಿಸೀತು. ಆದರೆ ಅಲ್ಲಿ ಸವಿಯುವವನು ಒಬ್ಬಂಟಿ. ಎದ್ದುಬಂದ ಅತ್ತೆಯೂ ಊರಿನ ಮನೆ, ಬೀದಿ, ತೋಟಗಳೊಡನೆ ಒಂದು ಚಿತ್ರವಾಗಿ ಬರುವಳೇ ವಿನಾ ಸಖಿಯಾಗಿ ಬರುವುದಿಲ್ಲ. ಅಲ್ಲಿ ಮರಳಿ ದೊರೆತುದು ಕಳೆದುಹೋದ ಕಾಲ, ಕಳೆದುಹೋದ ಮಿತ್ರನಲ್ಲ. ಆದಕಾರಣ ನನ್ನ ಶಿಷ್ಯನ ಅನುಭವಕ್ಕೆ ಪ್ರೂಸ್ತರು ಸರಿಯಾದ ಸಾಕ್ಷಿಗಳಲ್ಲವೆಂದು ನನಗೆ ತೋರುವುದು.

ಸರಿಯಾದ ಸಾಕ್ಷಿಯು ರೋಮಿನ ಹೊರೇಸ್ ಕವಿ (ಕ್ರಿ.ಪೂ. 65–8). ಅವನ ಗೀತಗಳ ಮೊದಲನೆಯ ಪುಸ್ತಕದ 20ನೆಯದರಲ್ಲಿ, ಆಶ್ರಯದಾತನೂ ಮಿತ್ರನೂ ಆದ ಮೀಸೆನಸನನ್ನು ತನ್ನ ಹಳ್ಳಿಯ ಮನೆಗೆ ಕರೆಯುವನು. ನನ್ನಲ್ಲಿರುವುದು ಸಾಧಾರಣವಾದ ಸಬೈನ್ ಮದ್ಯ, ನೀನು ಮನೆಯಲ್ಲಿ ಕುಡಿಯುವ ಉತ್ತಮ ಜಾತಿಗಳು ಇಲ್ಲಿ ಸಿಕ್ಕವು ಎಂದು ಮೊದಲೇ ಹೇಳಿಬಿಡುವನು. ಆದರೆ ಆ ಸಾಧಾರಣವಾದುದನ್ನು ಗ್ರೀಕ್ ಜಾಡಿಯಲ್ಲಿ ತುಂಬಿ ಬಾಯಿಗೆ ಅರಗಿಟ್ಟವನು ಕವಿ ತಾನೇ, ಅದೂ ಎಂದು? ರಂಗಮಂದಿರದಲ್ಲಿ ಜನರೆಲ್ಲ ಮೀಸೆನಸನಿಗೆ ಜಯಘೋಷ ಮಾಡಿದ ದಿನ! ಮಿತ್ರನಿಗೆ ಸಂತೋಷವಾದ ದಿನವನ್ನು ಜಾಡಿಯಲ್ಲಿ ಹಾಕಿ ಮುಚ್ಚಿಟ್ಟಂತಾಯಿತು. ಮದ್ಯಕ್ಕೆ ಒಂದು ಗುಣವುಂಟೆಂದು ಇಲ್ಲಿ ತಿಳಿಯುವುದು. ಅದು ಇಸವಿಯನ್ನು ಹೊತ್ತುಕೊಂಡು ಕಾಯಬಲ್ಲುದು. ನಮ್ಮ ಹುಳಿ, ಪಾಯಸಗಳಿಗೆ ಆ ಭಾಗ್ಯವಿಲ್ಲ. ಉಪ್ಪಿನಕಾಯಿಗೆ ಅಷ್ಟಿಷ್ಟು ಉಂಟು.

ಹೊರೇಸನಿಗಿಂತಲೂ ನನಗೆ ಹತ್ತಿರವಾಗಿ ಕಂಡವನು ಚೀನದ ದು ಫು (712–770). ಇಪ್ಪತ್ತು ವರ್ಷಗಳ ಮೇಲೆ ಹಳೆಯ ಗೆಳೆಯನ ಮನೆಗೆ ಹೋದುದನ್ನು ಅವನು ಒಂದು ಚಿಕ್ಕ ಕವಿತೆಯಲ್ಲಿ ಹೇಳಿರುವನು. ಅಗಲಿದಾಗ ಮದುವೆಯೂ ಆಗದಿದ್ದ ಗೆಳೆಯನಿಗೆ ಈಗ ಸಾಲಾಗಿ ಮಕ್ಕಳು; ಹಳೆಯ ಪರಿಚಿತರಲ್ಲಿ ಅರ್ಧದಷ್ಟು ಜನ ತೀರಿಕೊಂಡಿದ್ದಾರೆ. ರಾತ್ರಿಯ ಮಳೆಯಲ್ಲಿಯೇ ಹಿತ್ತಿಲಿನಿಂದ ಎಳೆಯ ಸೊಪ್ಪನ್ನು ಕೊಯ್ದು ತರುವರು, ನವಣೆ ಬೆರಸಿದ ಅನ್ನವನ್ನು ಬಿಸಿಯಾಗಿ ಬಡಿಸುವರು. ಹತ್ತು ಬಟ್ಟಲು ಕುಡಿದರೂ ಕವಿಗೆ ಅಮಲೇರುವುದಿಲ್ಲ. ನಾಳೆ ಬೆಟ್ಟಗಳು ಮತ್ತೆ ನಡುವೆ ಬರುವುವು. ಇಲ್ಲಿಯೂ ಗೆಳೆಯನೇ ಮೊದಲು; ಸೊಪ್ಪು, ಅನ್ನ, ಮದ್ಯಗಳು ಆಮೇಲೆ. ಭಾಗವತದ ಕ್ರಮವೇ ಇದೂ. ಗೆಳೆಯನನ್ನು ಕಂಡ ಅಮಲಿನ ಮುಂದೆ ಮದ್ಯದ ಅಮಲು ಸೋತಿತೆಂಬ ಧ್ವನಿಯನ್ನು ನಮ್ಮ ಆನಂದವರ್ಧನನು ಕಂಡಿದ್ದರೆ ಮೆಚ್ಚಿಕೊಳ್ಳುತ್ತಿದ್ದನು.

ಈ ಎರಡು ಅಳತೆಗೋಲುಗಳನ್ನು ಹಿಡಿದು ಹೊಸಗನ್ನಡದ ಮದ್ಯಕವನಗಳನ್ನು ನೋಡಿದರೆ ಏನು ಕಾಣುವುದು? ಮುಖ್ಯವಾದವು ಎರಡು. ಫಿಟ್ಸ್‌ಜೆರಾಲ್ಡನು 1859ರಲ್ಲಿ ಇಂಗ್ಲಿಷಿಗೆ ತಂದ ಉಮರ್ ಖಯ್ಯಾಮನನ್ನು ಡಿ. ವಿ. ಗುಂಡಪ್ಪನವರು ‘ಉಮರನ ಒಸಗೆ’ಯಾಗಿ ಕನ್ನಡಿಸಿದರು. ತೀರಿಕೊಂಡ ಗೆಳೆಯರು ತಮ್ಮ ಬಟ್ಟಲನ್ನು ತಮಗಿಂತ ಒಂದು ಸುತ್ತು ಮುಂಚೆ ಮುಗಿಸಿ ಎದ್ದುಹೋದವರೆಂಬ ಕಲ್ಪನೆಯೂ, ನಾನು ಕುಳಿತಿದ್ದ ಎಡೆಗೆ ಬಂದಾಗ ಬರಿದಾದ ಬಟ್ಟಲೊಂದನ್ನು ಬೋರಲು ಹಾಕು ಎಂಬ ಕೊನೆಯ ಬೇಡಿಕೆಯೂ ಆ ಆಂಗ್ಲಕೃತಿಯ ಶಿಖರಗಳು. ಗುಂಡಪ್ಪನವರ ಕನ್ನಡವು ಗಂಭೀರವಾದುದು, ಗತಿಯುಳ್ಳದು. ಆದರೂ ಒಟ್ಟಿನಲ್ಲಿ ಅವರ ಕೈಯಲ್ಲಿ ಮದ್ಯವು ಸೋಸಿ ಸೋಸಿ ತತ್ತ್ವವಾಗಿಬಿಟ್ಟಿದೆಯೆಂದು ನನಗನಿಸುವುದು. ಗೆಳೆಯರು ಅಲ್ಲಿ ಮೃತ್ಯುವಿಗೆ ಉದಾಹರಣೆಗಳು, ಒಬ್ಬನಿಗಾದರೂ ಮುಖವಿಲ್ಲ. ಜಿ. ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಇದಕ್ಕೆ ವಿರುದ್ಧವಾದ ದಿಕ್ಕಿನವು. ಅವುಗಳ ಗ್ರಾಮ್ಯಭಾಷೆಯನ್ನು ಕುರಿತು ನನ್ನ ಗುರುಗಳಿಗೆ ಅಸಮಾಧಾನವಿದ್ದಿತು; ನನಗೂ ಬಹಳ ಕಾಲ ಇದ್ದಿತು. ಈಗ ಇಲ್ಲ. ಹೆಂಡ ಕುಡಿಯುವ ರತ್ನನ ಬುರುಡೆಯ ಪಕ್ಕದಲ್ಲಿ ಅವನ ಪುಟ್ನಂಜಿ ಇದ್ದಾಳೆ, ಕನ್ನಡವಿದೆ, ಮಾತಾಡಿಸಲು ಒಂದು ಲೋಕವೇ ಇದೆ. ನಾಲಗೆಯನ್ನೇ ಕಳೆದುಕೊಂಡರೂ ಕನ್ನಡದ ಹಾಡನ್ನು ಬಿಡೆನೆಂದು ಅವನು ಹಟ ಹಿಡಿಯುವುದನ್ನು ನೋಡಿದರೆ, ಪ್ರೀತಿಯ ಮನೆ ನಾಲಗೆಯಲ್ಲಿಲ್ಲವೆಂಬುದು ಆ ಕುಡುಕನಿಗೆ ನಮಗಿಂತ ಚೆನ್ನಾಗಿ ತಿಳಿದಿತ್ತು. ಹೀಗೆ ಹಾಡಿಸಿದ ಕವಿಯು ತಾನು ಮದ್ಯವನ್ನು ಮುಟ್ಟದವರೆಂಬುದು ಪ್ರಸಿದ್ಧವಾದ ಸಂಗತಿ. ಸವಿಯದೆ ಸವಿಯನ್ನು ಹೇಳುವುದು ಹೇಗೆ ಸಾಧ್ಯವಾಯಿತು?

ಇಲ್ಲಿಗೆ ಬಂದಾಗ ನನ್ನ ಸ್ವಂತದ ಒಂದು ಪ್ರಸಂಗವನ್ನು ಹೇಳದೆ ಮುಂದುವರಿಯಲಾರೆನು. ವಾಚಕರು ಕ್ಷಮಿಸಬೇಕು.

ಶಾಲೆಯಲ್ಲಿ ಇಪ್ಪತ್ತಮೂರು ವರ್ಷ ನನ್ನೊಡನಿದ್ದ ಗಣಿತದ ಉಪಾಧ್ಯಾಯರೊಬ್ಬರು ಶಂಕರಪುರದ ಕಡೆಯ ಕ್ರೈಸ್ತರು. ಭಾಗವತವು ಆ ಬ್ರಾಹ್ಮಣನ ಹೆಸರನ್ನು ಹೇಳದಂತೆ ನಾನೂ ಇವರ ಹೆಸರನ್ನು ಹೇಳೆನು. ಪ್ರತಿ ವರ್ಷ ಮಾಗಿಯಲ್ಲಿ ಮಟ್ಟುಗುಳ್ಳದ ಮೊದಲ ಕೊಯ್ಲಾದಾಗ, ದೇವರಿಗೆ ಸಲ್ಲಬೇಕಾದುದು ಸಂದ ಮೇಲೆ, ಒಂದು ಚೀಲವು ಅವರ ಮನೆಗೆ ಹೋಗುತ್ತಿದ್ದಿತು. ಸೋದೆ ಮಠದ ಶ್ರೀ ವಾದಿರಾಜರು ನಮ್ಮ ಊರಿನವರಿಗೆ ಬೀಜವನ್ನು ಅನುಗ್ರಹಿಸಿದರೆಂದೂ, ನೈವೇದ್ಯದಲ್ಲಿ ಬೆರೆತ ವಿಷದಿಂದ ನೀಲಿಯೇರಿದ ದೇವರ ಮೂರ್ತಿಯು ಈ ಗುಳ್ಳದ ನೈವೇದ್ಯದಿಂದ ಮೊದಲಿನಂತಾಯಿತೆಂದೂ ನಮ್ಮಲ್ಲಿ ಐತಿಹ್ಯ. 2011ರಲ್ಲಿ ಸರಕಾರದ ಭೌಗೋಳಿಕ ಸೂಚಿಯ ಮುದ್ರೆಯೂ ಅದಕ್ಕೆ ಬಿದ್ದಿತು. ತಿಳಿಹಸುರು ಬಣ್ಣದ, ತೆಳುಸಿಪ್ಪೆಯ, ತೊಟ್ಟಿನಲ್ಲಿ ಮುಳ್ಳಿರುವ ಈ ಪವಿತ್ರವಸ್ತುವು ಅವರ ಮನೆಯಲ್ಲಿ ಒಣಸಿಗಡಿಯ ಸಹವಾಸ ಮಾಡುತ್ತಿದ್ದಿತೆಂದು ನನಗೆ ಗೊತ್ತಿದ್ದಿತು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಕ್ರಿಸ್‌ಮಸ್ಸಿನ ಹೊತ್ತಿಗೆ ಅವರ ಕಡೆಯಿಂದ ಕುಸ್ವಾರಿನ ತಟ್ಟೆ ಬರುತ್ತಿದ್ದಿತು; ಮೊಟ್ಟೆ ಸೇರದ ತಿಂಡಿಗಳು ಬೇರೆ ಪೊಟ್ಟಣದಲ್ಲಿ. ಮನೆಯಲ್ಲಿ ಅವರೇ ಭರಣಿಯಲ್ಲಿ ಕಪ್ಪುದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ ಹಾಕಿ ವೈನ್ ಇಳಿಸುತ್ತಿದ್ದರು. ನನಗಾಗಿ ಹುಳಿಯೇಳದ ಹಣ್ಣಿನ ರಸವನ್ನು ಬೇರೆಯೇ ತೆಗೆದಿಡುವರು. ಆದರೆ ಅದನ್ನು ಕೊಡುವ ಮೊದಲು ಒಂದು ಪರೀಕ್ಷೆಯುಂಟು. ಹೊಸ ವೈನಿನ ಬಾಟ್ಲಿಯನ್ನು ತೆರೆದು ನನ್ನ ಮೂಗಿನ ಹತ್ತಿರ ಹಿಡಿದು, “ಭಟ್ರೇ, ನೀವು ಕುಡಿಯುವುದು ಬೇಡ. ಮೂಸಿ ಹೇಳಿ. ಷಡ್ರಸ ಕಲಿತವರು ನೀವು, ಈ ವರ್ಷ ಹೇಗಾಗಿದೆ?” ಎನ್ನುವರು. ನಾನು ಕಣ್ಣು ಮುಚ್ಚಿ, ಗಂಧವು ಪೃಥಿವಿಯ ಗುಣವೆಂದು ಪೀಠಿಕೆ ಹಾಕಿ, ಕಷಾಯವು ಹೆಚ್ಚೆಂದೋ ಮಧುರವು ಕಡಮೆಯೆಂದೋ ತೀರ್ಪು ಕೊಡುವೆನು. ಅವರು ನಗದೆ ಅದನ್ನು ಒಂದು ಚೀಟಿಯಲ್ಲಿ ಬರೆದು, ಇಸವಿ ಹಾಕಿ, ಬಾಟ್ಲಿಗೆ ಅಂಟಿಸುವರು. ಹೊರೇಸನನ್ನು ಅವರು ಓದಿದವರಲ್ಲ. ನಾನೂ ಆಗ ಓದಿರಲಿಲ್ಲ.

ಅವರು ತೀರಿಕೊಂಡು ಈಗ ಮೂರು ವರ್ಷಗಳಾದುವು. ಕಳೆದ ಕ್ರಿಸ್‌ಮಸ್ಸಿನಲ್ಲಿ ಅವರ ಮಡದಿಯು ಕಪಾಟಿನ ಹಿಂದಿನಿಂದ ಒಂದು ಬಾಟ್ಲಿಯನ್ನು ತಂದು ಮೇಜಿನ ಮೇಲಿಟ್ಟರು. ಗಣಿತದವರ ಅಚ್ಚುಕಟ್ಟಾದ ಅಕ್ಷರದಲ್ಲಿ “2018. ಕಷಾಯ ಹೆಚ್ಚು: ಭಟ್ಟರ ಮತ” ಎಂದು ಬರೆದಿದ್ದಿತು. ಅದರ ಕೆಳಗೆ, ನಾನು ಎಂದೂ ನೋಡದಿದ್ದ ಇನ್ನೊಂದು ಸಾಲು: “ಸರಿಯಲ್ಲ. ಆದರೂ ಇರಲಿ.”

ಬಾಟ್ಲಿಯ ಬಾಯಿ ಇನ್ನೂ ತೆರೆದಿರಲಿಲ್ಲ. ಸ್ಟಾಫ್ ರೂಮಿನ ಮೇಜು, ಅವರು ಸೀಮೆಸುಣ್ಣದ ಪುಡಿಯನ್ನು ಅಂಗೈಯಿಂದ ಝಾಡಿಸುವ ರೀತಿ, ಪಾಠದ ವೇಳಾಪಟ್ಟಿಯ ವಿಷಯವಾಗಿ ನಾವು ಒಮ್ಮೆ ಎರಡು ತಿಂಗಳು ಮಾತು ಬಿಟ್ಟಿದ್ದುದು, ಎಲ್ಲವೂ ಅಷ್ಟರೊಳಗೆ ಬಂದುಬಿಟ್ಟಿದ್ದುವು. ಅದಲ್ಲದೆ ನಾನು ಎಂದೂ ಸವಿಯದ ಆ ವೈನಿನ ರುಚಿಯು ನನ್ನ ನಾಲಗೆಯ ಮೇಲೆ ನಿಂತಂತಾಯಿತು. ನೈಯಾಯಿಕರ ಪ್ರಕಾರ ಇದು ಅಸಂಭವ. ಅನುಭವಿಸದುದಕ್ಕೆ ಸಂಸ್ಕಾರವಿಲ್ಲ, ಸಂಸ್ಕಾರವಿಲ್ಲದುದಕ್ಕೆ ಸ್ಮೃತಿಯಿಲ್ಲ. ಆ ರಾತ್ರಿ ಮನೆಗೆ ಬಂದು ಅಭಿನವಭಾರತಿಯನ್ನು ತೆಗೆದೆನು. ಶಾಕುಂತಲದ ಐದನೆಯ ಅಂಕದಲ್ಲಿ, ಹಂಸಪದಿಕೆಯ ಹಾಡನ್ನು ಕೇಳಿದ ದುಷ್ಯಂತನು ಕಾರಣ ತಿಳಿಯದೆ ಕಳವಳಗೊಳ್ಳುವನು. ಶಾಪದಿಂದ ಶಕುಂತಲೆಯನ್ನು ಮರೆತಿದ್ದ ಅವನು, ಸುಖದಲ್ಲಿರುವವನೂ ಇಂಥ ಸಮಯದಲ್ಲಿ ಜನ್ಮಾಂತರದ ಸೌಹೃದಗಳನ್ನು ತಿಳಿಯದೆಯೇ ನೆನೆಯುತ್ತಿರಬೇಕೆಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುವನು. ಕಾಳಿದಾಸನು ಇಲ್ಲಿ ಬಳಸಿದ ಶಬ್ದವು ಕಾಮವೂ ಅಲ್ಲ, ರತಿಯೂ ಅಲ್ಲ, ‘ಸೌಹೃದ’. ಈ ಸಂದರ್ಭವನ್ನು ಎತ್ತಿಕೊಂಡು ಅಭಿನವಗುಪ್ತನು, ಇಲ್ಲಿ ತೋರಿಸಿರುವ ಸ್ಮೃತಿಯು ತಾರ್ಕಿಕರು ಹೇಳುವ ಸ್ಮೃತಿಯಲ್ಲ, ಏಕೆಂದರೆ ಇದರ ವಿಷಯವು ಹಿಂದೆ ಅನುಭವಕ್ಕೆ ಬಂದುದೇ ಅಲ್ಲವೆಂದು ಸ್ಪಷ್ಟವಾಗಿ ಹೇಳಿರುವನು. ಇದನ್ನು ನಾನು ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವನು. ಸ್ಮೃತಿಯ ವಿಷಯವು ಅಲ್ಲಿ ಹಾಡಲ್ಲ, ಇಲ್ಲಿ ದ್ರಾಕ್ಷಿಯಲ್ಲ ಎಂಬುದು ಬಾಟ್ಲಿಯೊಂದರ ಚೀಟಿಯನ್ನು ನೋಡುವವರೆಗೆ ನನಗೆ ತಿಳಿದಿರಲಿಲ್ಲ.

ಶಿಷ್ಯನಿಗೆ ಇಷ್ಟನ್ನು ಪತ್ರದಲ್ಲಿ ಬರೆದು ಕಳುಹಿಸಿರುವೆನು. ಅವನು ಸವಿದ ಗುಟುಕು ಗೆಳೆಯನನ್ನು ಎಬ್ಬಿಸಿತೆಂದು ಅವನು ಹೇಳಿದನು. ಆ ಸಂಜೆ ಬಟ್ಟಲನ್ನು ಎತ್ತುವ ಮೊದಲೇ ಒಬ್ಬನೇ ಕುಳಿತುಕೊಂಡ ಅವನ ಮನಸ್ಸು ಗೆಳೆಯನನ್ನು ಹುಡುಕುತ್ತಿರಲಿಲ್ಲವೇ ಎಂದು ಮಾತ್ರ ಕೇಳಿರುವೆನು. ಉತ್ತರ ಇನ್ನೂ ಬಂದಿಲ್ಲ.

ಆ ದಿನ ಬಾಟ್ಲಿಯನ್ನು ತೆರೆದ ಮೇಲೆ ನಾನು ಮೂಸಿದೆನು. ಕಷಾಯವು ಹೆಚ್ಚಾಗಿಯೇ ಇದ್ದಿತು. ಅದಕ್ಕಿಂತ ಮುಂದೆ ಹೋದೆನೋ ಇಲ್ಲವೋ ಎಂಬುದು ಸಾಹಿತ್ಯವಿಮರ್ಶೆಗೆ ಸೇರಿದ ವಿಷಯವಲ್ಲವಾದುದರಿಂದ ಇಲ್ಲಿ ಬರೆಯುವುದಿಲ್ಲ. ಈ ವರ್ಷದ ಗುಳ್ಳದ ಮೊದಲ ಕೊಯ್ಲು ಕಳೆದ ವಾರ ಆಯಿತು. ಚೀಲವನ್ನು ಶಂಕರಪುರಕ್ಕೆ ಮುಟ್ಟಿಸಿ ಬಂದಿರುವೆನು. ಸಿಗಡಿ ಹಾಕುವರೋ ಏನೋ, ನಾನು ಕೇಳಲಿಲ್ಲ.